ಹೊಳೆ ಏರಿದಾಗ ಧಾರಣಿಯೂ ಏರಿತು



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದು ಕೊಡಬೇಕೆಂದು ಸಂಪಾದಕ ಮಂಡಳಿಯವರು ನಮಗೆ ಹೇಳಿದರು. ನಾವು ಎಸ್.ಎಸ್.ಎಲ್.ಸಿ.ವರೆಗೆ ಓದಿ ಒಕ್ಕಲುತನಕ್ಕೆ ನಿಂತವರು. ಪಂಡಿತರ ಹಾಗೆ ಬರೆಯಲು ನಮಗೆ ಬಾರದು. ಶೇರು ಬಂಡವಾಳ ಎಷ್ಟಾಯಿತು, ಸಾಲ ವಸೂಲಿ ಎಷ್ಟಾಯಿತು, ಆಡಿಟ್‌ನಲ್ಲಿ ಯಾವ ವರ್ಗ ಸಿಕ್ಕಿತು ಎಂಬುದನ್ನೆಲ್ಲ ಮಾನ್ಯ ಕಾರ್ಯದರ್ಶಿಗಳು ತಮ್ಮ ವರದಿಯಲ್ಲಿ ಬರೆದಿದ್ದಾರೆ. ಆದ್ದರಿಂದ ಯಾವ ಖಾತೆ ಕಿರ್ದಿಯಲ್ಲೂ ಇಲ್ಲದ ಒಂದು ಲೆಕ್ಕವನ್ನು ನಾವು ಇಲ್ಲಿ ಬರೆಯುತ್ತೇವೆ. ಬರ ಬಂದಾಗ, ಹೊಳೆ ಬಂದಾಗ, ಮನೆ ಮಾರು ಬಿಟ್ಟು ಬಂದ ಮಂದಿಗೆ ಧಾರಣಿ ಏರಿಸಿದ ಲೆಕ್ಕ ಅದು. ಆ ಲೆಕ್ಕದಾಗ ನಮ್ಮ ಹೆಸರೂ ಇದೆ. ಅದನ್ನು ಮುಂದೆ ಹೇಳುತ್ತೇವೆ.

ಧಾತು ಸಂವತ್ಸರದ ಬರ

ಮೊದಲು ಹಳೆಯ ಕಾಲದ ಮಾತು. 1876ರಲ್ಲಿ ಮಳೆ ಹೋಯಿತು. ಅದು ಧಾತು ಸಂವತ್ಸರ. ಮುಂದಿನ ಈಶ್ವರ ಸಂವತ್ಸರದಲ್ಲಿಯೂ ಸಂಕಟ ಬಿಡಲಿಲ್ಲ. 1878ರವರೆಗೂ ನಡೆದ ಆ ಬರದಲ್ಲಿ ಮುಂಬೈ ಆಧಿಪತ್ಯದ ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳು, ಮದ್ರಾಸ ಆಧಿಪತ್ಯದ ಬಳ್ಳಾರಿ, ಮೈಸೂರು ಸಂಸ್ಥಾನ, ನಿಜಾಮರ ಸೀಮೆ ಎಲ್ಲವೂ ಬೆಂದು ಹೋದವು. ಮೈಸೂರು ಸಂಸ್ಥಾನದ ಜನಗಣತಿ ನೋಡಿದರೆ ಎದೆ ಝಲ್ಲೆನ್ನುತ್ತದೆ. 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಮಂದಿ ಹೆಚ್ಚಬೇಕಾದಲ್ಲಿ ಎಂಟು ಲಕ್ಷಕ್ಕೂ ಮಿಕ್ಕಿ ಕಡಿಮೆಯಾದರು.

ಆ ಬರದಲ್ಲಿ ಕಾಳು ಎಲ್ಲಿಯೂ ಇರಲೇ ಇಲ್ಲ ಎಂದು ತಿಳಿಯಬಾರದು. ಹಗೇವಿನಲ್ಲಿ ಇದ್ದವರ ಬಳಿ ಇತ್ತು. ಹಿಂದುಸ್ತಾನದಿಂದ ಹೊರದೇಶಕ್ಕೆ ಗೋಧಿ ಆ ವರ್ಷಗಳಲ್ಲಿಯೂ ಹಡಗು ಹತ್ತಿ ಹೋಗುತ್ತಲೇ ಇತ್ತು. ಆದರೆ ಬಡವನ ಕೈಗೆ ಎಟುಕುವ ಧಾರಣಿಯಲ್ಲಿ ಕಾಳು ಇರಲಿಲ್ಲ. ಅಂದಿನ ವೈಸರಾಯ್ ಲಾರ್ಡ್ ಲಿಟ್ಟನ್ ಅವರ ಸರಕಾರವು ಕಾಳಿನ ಖಾಸಗಿ ವ್ಯಾಪಾರದಲ್ಲಿ ಕೈ ಹಾಕಬಾರದು ಎಂಬ ನೀತಿ ಹಿಡಿದಿತ್ತು. ಧಾರಣಿ ಏರಿದರೆ ವ್ಯಾಪಾರಸ್ಥರು ಲಾಭದ ಆಸೆಗೆ ತಾವಾಗಿಯೇ ಕಾಳು ತರುತ್ತಾರೆ, ಆಗ ಧಾರಣಿ ತಾನಾಗಿ ಇಳಿಯುತ್ತದೆ ಎಂಬುದು ಅವರ ವಾದ. ಕೇಳಲಿಕ್ಕೆ ಮಾತು ಚೆಂದ ಇದೆ. ಆದರೆ ಆಗ ಗದಗಕ್ಕಾಗಲಿ ಬಾದಾಮಿಗಾಗಲಿ ರೈಲು ಬಂದಿರಲಿಲ್ಲ. ಕಾಳು ಬರಬೇಕಾದದ್ದು ಚಕ್ಕಡಿಯ ಮೇಲೆ. ಚಕ್ಕಡಿ ಎಳೆಯುವ ಎತ್ತುಗಳು ಮೇವು ನೀರಿಲ್ಲದೆ ದಾರಿಯಲ್ಲಿ ಬೀಳುತ್ತಿದ್ದವು. ಹೀಗಾಗಿ ಧಾರಣಿ ಏರಿತು, ಕಾಳು ಮಾತ್ರ ಬರಲಿಲ್ಲ.

ಇನ್ನೊಂದು ಕಡೆ ನೋಡಿರಿ. ಹೊಟ್ಟೆಗಿಲ್ಲದೆ ಊರು ಬಿಟ್ಟು ಪರಿಹಾರ ಕಾಮಗಾರಿಗೆ ಹೊರಟ ಮಂದಿ ಹೋಗುವ ಮೊದಲು ದನ ಮಾರಿದರು, ಮೈಮೇಲಿನ ಗುಂಜಿ ಬಂಗಾರ ಮಾರಿದರು, ಮನೆಯ ತೊಲೆ ಜಂತಿ ಕಿತ್ತು ಮಾರಿದರು. ಎಲ್ಲರೂ ಒಮ್ಮೆಲೆ ಮಾರಲು ನಿಂತರೆ ಕೊಳ್ಳುವವನು ಹೇಳಿದ್ದೇ ಧಾರಣಿ. ಮಾರುವಾಗ ಮಣ್ಣಿನ ಬೆಲೆ, ಕೊಳ್ಳುವಾಗ ಬಂಗಾರದ ಬೆಲೆ. ಆಪತ್ತಿನಲ್ಲಿ ಊರು ಬಿಟ್ಟವನಿಗೆ ಎರಡೂ ಕಡೆ ಕತ್ತರಿ ಬೀಳುತ್ತದೆ ಎಂಬುದನ್ನು ಸದಸ್ಯರು ನೆನಪಿನಲ್ಲಿ ಇಡಬೇಕು. ಮುಂದೆ ನಾವು ಹೇಳುವ ಸಂಗತಿಯಲ್ಲಿಯೂ ಇದೇ ಆಯಿತು.

ಸಂಘ ಎಂಬುದು ಹುಟ್ಟಿದ್ದು ಯಾಕೆ

ನಮ್ಮ ಸಂಘದ ಕಚೇರಿಗೆ ಬಂದವರು ಸಹಕಾರ ಎಂದರೆ ಬೆಳೆಸಾಲ, ಗೊಬ್ಬರ, ರೇಶನ್ ಎಂದಷ್ಟೇ ತಿಳಿದಿದ್ದಾರೆ. ನಾವೂ ಬಹಳ ವರ್ಷ ಹಾಗೆಯೇ ತಿಳಿದಿದ್ದೆವು. ನಿರ್ದೇಶಕರಾದ ಮೇಲೆ ತರಬೇತಿಗೆ ಹೋದಾಗ ಸಹಕಾರದ ಇತಿಹಾಸ ಕೇಳಿ ಆಶ್ಚರ್ಯವಾಯಿತು. ಈ ಚಳುವಳಿಯ ಬೇರು ಹೋಗಿ ನಿಲ್ಲುವುದು ಆಪತ್ತಿನ ಕಾಲದ ಧಾರಣಿಯಲ್ಲಿಯೇ.

ಜರ್ಮನಿ ದೇಶದಲ್ಲಿ ವೇಯರ್‌ಬುಷ್ ಎಂಬ ಒಂದು ಸಣ್ಣ ಊರು. 1846-47ರ ಚಳಿಗಾಲದಲ್ಲಿ ಬೆಳೆ ಕೆಟ್ಟು ಅಲ್ಲಿ ಹಸಿವು ಬಿತ್ತು, ರೊಟ್ಟಿಯ ಬೆಲೆ ಬಡವರಿಗೆ ನಿಲುಕದಂತಾಯಿತು. ಆ ಊರಿನ ಮೇಯರ್ ಆಗಿದ್ದವರು ಫ್ರೆಡ್ರಿಕ್ ವಿಲ್ಹೆಲ್ಮ್ ರೈಫೈಸನ್. ಅವರು ಉಳ್ಳವರಿಂದ ಹಣ ಕೂಡಿಸಿ ರೊಟ್ಟಿ ಸಂಘ ಕಟ್ಟಿದರು. ಊರವರೇ ಸೇರಿ ರೊಟ್ಟಿ ಸುಡುವ ಭಟ್ಟಿ ಕಟ್ಟಿಕೊಂಡರು. ಪೇಟೆಯ ಬೆಲೆಯ ಅರ್ಧದಷ್ಟಕ್ಕೆ ರೊಟ್ಟಿ ಸಿಗುವಂತಾಯಿತು. ಇಲ್ಲದವರಿಗೆ ಉದ್ರಿ ಕೊಟ್ಟರು, ಸುಗ್ಗಿಯ ಮೇಲೆ ತೀರಿಸಿಕೊಂಡರು. ಅದೇ ರೈಫೈಸನ್ ಅವರು ಮುಂದೆ ರೈತರ ಪತ್ತಿನ ಸಂಘಗಳನ್ನು ಕಟ್ಟಿ ಜಗತ್ತಿಗೆ ದಾರಿ ತೋರಿಸಿದರು.

ನಮ್ಮ ದೇಶದಲ್ಲಿಯೂ ಕಥೆ ಬೇರೆ ಇಲ್ಲ. ಸಾಹುಕಾರರ ಬಡ್ಡಿಯ ಭಾರಕ್ಕೆ 1875ರಲ್ಲಿ ಪುಣೆ, ಅಹಮದನಗರ ಭಾಗದ ರೈತರು ದಂಗೆ ಎದ್ದು ಸಾಲಪತ್ರಗಳನ್ನು ಸುಟ್ಟರು. ಅದರ ಮರುವರ್ಷವೇ ಧಾತು ಬರ. ಬರದ ಮೇಲೆ ಬರ ಬಂದಾಗ ರೈತನನ್ನು ಉಳಿಸುವ ದಾರಿ ಯಾವುದೆಂದು ಸರಕಾರ ಯೋಚಿಸಿತು. ಮದ್ರಾಸ ಸರಕಾರಕ್ಕಾಗಿ ಫ್ರೆಡ್ರಿಕ್ ನಿಕೋಲ್ಸನ್ ಅವರು ಯುರೋಪಿನ ಸಂಘಗಳನ್ನು ಅಭ್ಯಾಸ ಮಾಡಿ ವರದಿ ಕೊಟ್ಟರು. ರೈಫೈಸನ್ ಅವರಂಥವರು ಈ ದೇಶದಲ್ಲಿಯೂ ಬೇಕು ಎಂಬುದು ಅದರ ಸಾರ. 1901ರ ಕ್ಷಾಮ ಆಯೋಗವೂ ಪತ್ತಿನ ಸಂಘಗಳು ಬೇಕೆಂದಿತು. 1904ರಲ್ಲಿ ಕಾಯ್ದೆ ಬಂತು. ಮರುವರ್ಷ, 1905ರ ಮೇ 8ರಂದು, ನಮ್ಮದೇ ಸೀಮೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಒಂದನ್ನು ನೋಂದಣಿ ಮಾಡಿಸಿದರು. ಈ ಮಾತನ್ನು ನಮ್ಮ ಮಕ್ಕಳಿಗೆ ನಾವು ಹೆಮ್ಮೆಯಿಂದ ಹೇಳಬೇಕು. ಅಡಚಣೆಯಲ್ಲಿ ಸಿಕ್ಕವನು ಇನ್ನೊಬ್ಬನ ಲಾಭದ ಹೊಲವಾಗಬಾರದು ಎಂದೇ ಸಂಘ ಹುಟ್ಟಿತು. ಹಾಗಿದ್ದ ಮೇಲೆ ನಮ್ಮ ಸಂಘದ ಸದಸ್ಯರಾದ ನಾವು ಏನು ಮಾಡಿದೆವು?

2009: ಬನ್ನಿ ಕೊಟ್ಟ ವಾರ

2009ರ ಸೆಪ್ಟೆಂಬರ್ 28ಕ್ಕೆ ವಿಜಯದಶಮಿ. ಬನ್ನಿ ಕೊಟ್ಟು ಬಂಗಾರದಂಗ ಇರೋಣು ಎಂದು ಮಂದಿ ಕೈ ಮುಗಿದು ಎರಡು ದಿನ ಆಗಿರಲಿಲ್ಲ, ಮಳೆ ಹಿಡಿಯಿತು. ಬಿಡುವಿಲ್ಲದೆ ಹೊಡೆಯಿತು. ಮಲಪ್ರಭೆಯೂ ಬೆಣ್ಣಿಹಳ್ಳವೂ ಒಮ್ಮೆಲೆ ಉಕ್ಕಿದವು. ಕೃಷ್ಣಾ, ಭೀಮಾ, ತುಂಗಭದ್ರಾ ಎಲ್ಲವೂ ದಂಡೆ ಮೀರಿದವು. ಅಕ್ಟೋಬರ್ 2ರ ಹೊತ್ತಿಗೆ ಮಂತ್ರಾಲಯ ಮುಳುಗಿತ್ತು, ಕರ್ನೂಲು ಪಟ್ಟಣದೊಳಗೆ ನೀರು ಹೊಕ್ಕಿತ್ತು. ನಮ್ಮ ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಲಕ್ಷಾಂತರ ಮನೆಗಳು ಬಿದ್ದವು. ಮಣ್ಣಿನ ಮಾಳಿಗೆ ಮನೆಗಳು ತೊಯ್ದು ಕುಸಿಯುವ ಸಪ್ಪಳ ಕೇಳಿದವರಿಗೆ ಅದು ಇಂದಿಗೂ ಕಿವಿಯಲ್ಲಿದೆ.

ನಮ್ಮ ಊರು ದಿಬ್ಬದ ಮೇಲಿನದು. ನೀರು ನಮ್ಮ ಕೆಳಗಿನ ಓಣಿಯ ಅಗಸಿಯವರೆಗೆ ಬಂದು ನಿಂತಿತು. ಹೊಳೆದಂಡೆಯ ಊರವರೆಲ್ಲ ನಮ್ಮಲ್ಲಿಗೆ ಬಂದರು. ಸಾಲಿ, ಗುಡಿ, ಮಠ ತುಂಬಿದವು. ಆ ಮೊದಲ ರಾತ್ರಿ ನಮ್ಮೂರವರು ಮಾಡಿದ್ದನ್ನು ಮರೆಯಬಾರದು. ಮನೆ ಮನೆಯಿಂದ ರೊಟ್ಟಿ, ಚಟ್ನಿ ಕೂಡಿಸಿ ಸಾಲಿಗೆ ಒಯ್ದೆವು. ಒಂದು ಮನೆಯಲ್ಲಿಯೂ ಇಲ್ಲ ಎನ್ನಲಿಲ್ಲ. ಕಣ್ಣೀರು ಹಾಕಿದವರು ಎಷ್ಟೋ ಮಂದಿ.

ಆದರೆ ಮೂರನೆಯ ದಿನದಿಂದ ಊರಿನ ಮುಖ ಬೇರೆಯಾಯಿತು. ದಾರಿ ಕಡಿದಿತ್ತು. ಪೇಟೆಯಿಂದ ಸಾಮಾನು ಬರುತ್ತಿರಲಿಲ್ಲ. 400 ರೂಪಾಯಿಯ ತಾಡಪತ್ರಿಗೆ 1,000 ಆಯಿತು. ರೇಶನ್ನಿನ ಚಿಮಣಿ ಎಣ್ಣೆ ಲೀಟರಿಗೆ 50 ರೂಪಾಯಿ ಎಂದು ಹಿತ್ತಿಲಲ್ಲಿ ಮಾರಾಟವಾಯಿತು. ತಿಂಗಳಿಗೆ 300 ರೂಪಾಯಿಗೂ ಯಾರೂ ಕೇಳದ ತಗಡಿನ ದನದ ಕೊಟ್ಟಿಗೆಗೆ 1,500 ಬಾಡಿಗೆ, ಅದೂ ಎರಡು ತಿಂಗಳದ್ದು ಮುಂಗಡ. ಮೇವಿನ ಬಣವಿ ಇದ್ದವರು ಸೂಡಿನ ಲೆಕ್ಕದಲ್ಲಿ ಮಾರಿದರು. ಮೇವು ಕೊಳ್ಳಲಾಗದವರು ದನ ಮಾರಿದರು. ಹೊರಗಿನ ದಲ್ಲಾಳಿಗಳು ಅದು ಹೇಗೆ ವಾಸನೆ ಹಿಡಿದು ಬಂದರೋ ದೇವರೇ ಬಲ್ಲ. ಗಬ್ಬದ ಎಮ್ಮೆಯನ್ನು ಒಬ್ಬ ಮುದುಕಿ 6,000 ರೂಪಾಯಿಗೆ ಕೊಟ್ಟದ್ದನ್ನು ನಾವು ಕಣ್ಣಾರೆ ಕಂಡೆವು. ಹಬ್ಬಕ್ಕೆ ಮೊದಲು ಅದಕ್ಕೆ 16,000ಕ್ಕೆ ಕಡಿಮೆ ಇರಲಿಲ್ಲ. ಹಗ್ಗ ಬಿಚ್ಚುವಾಗ ಆಕೆ, "ಹೊಳಿ ನನ್ನ ಮನಿ ಒಯ್ತು, ಎಮ್ಮಿ ನೀವು ಒಯ್ರಿ" ಎಂದಳು. ಸುತ್ತ ನಿಂತವರು ಯಾರೂ ಮಾತಾಡಲಿಲ್ಲ. ನಾವೂ ಮಾತಾಡಲಿಲ್ಲ.

ಮಾತಾಡಲು ನಮಗೆ ಬಾಯಿ ಎಲ್ಲಿತ್ತು? ನಮ್ಮ ಮನೆಯ ಟ್ರ್ಯಾಕ್ಟರ್ ಆ ವಾರ ಬಿಡುವಿಲ್ಲದೆ ಓಡಿತು. ಹೊಳೆದಂಡೆಯಿಂದ ನಮ್ಮೂರಿಗೆ ಮೂರು ಕಿಲೋಮೀಟರ್. ಸುಮ್ಮನಿದ್ದ ದಿನ ಒಂದು ಖೇಪಿಗೆ 300 ರೂಪಾಯಿ. ಆಗ ನಾವು 1,500 ತೆಗೆದುಕೊಂಡೆವು. ಒಟ್ಟು 22 ಖೇಪು. ಡೀಸೆಲ್ ಆಗ ಲೀಟರಿಗೆ 40 ರೂಪಾಯಿಯ ಒಳಗೇ ಇತ್ತು. ಕೆಸರಿನಲ್ಲಿ ಹೆಚ್ಚು ಉರಿಯಿತು, ಡ್ರೈವರನಿಗೆ ಹೆಚ್ಚಿನ ಪಗಾರ ಕೊಟ್ಟೆವು, ಗಾಡಿಗೂ ಧಕ್ಕೆ. ಎಲ್ಲ ಹಿಡಿದರೂ ಖೇಪಿಗೆ 500 ದಾಟುತ್ತಿರಲಿಲ್ಲ. ಉಳಿದ ಸಾವಿರ ರೂಪಾಯಿ ಯಾವುದರ ಬೆಲೆ? ನೀರು ಏರುವ ಹೆದರಿಕೆಯ ಬೆಲೆ. ಆ ರೊಕ್ಕದಾಗ ಟ್ರ್ಯಾಕ್ಟರಿಗೆ ಹಿಂದಿನ ಎರಡು ಹೊಸ ಟೈರು ಹಾಕಿಸಿದೆವು. ಊರಾಗ ಯಾರೂ ತಪ್ಪು ಎನ್ನಲಿಲ್ಲ. ಎಲ್ಲರೂ ಅದನ್ನೇ ಮಾಡುತ್ತಿದ್ದರು.

ನಮ್ಮ ಸಂಘ ಆಗ ಒಂಬತ್ತು ವರ್ಷದ ಕೂಸು. ಗೋದಾಮಿನಲ್ಲಿ ಗೊಬ್ಬರ ಮಾತ್ರ ಇತ್ತು. ಆ ತಿಂಗಳ ಆಡಳಿತ ಮಂಡಳಿ ಸಭೆಯಲ್ಲಿ ಸಂತಾಪ ಸೂಚಿಸಿ, ಪರಿಹಾರ ನಿಧಿಗೆ ವಂತಿಗೆ ಕೊಟ್ಟ ಠರಾವು ಇದೆ. ಧಾರಣಿಯ ಬಗ್ಗೆ ಒಂದು ಅಕ್ಷರ ಇಲ್ಲ.

ಮುಂದೆ ಸರಕಾರದವರು ದಾನಿಗಳ ನೆರವಿನಿಂದ ಆಸರೆ ಯೋಜನೆಯಲ್ಲಿ ಮನೆ ಕಟ್ಟಿಸಿ ಹೊಳೆದಂಡೆಯ ಹಳ್ಳಿಗಳನ್ನು ಎತ್ತರದ ಜಾಗಕ್ಕೆ ಸರಿಸಿದರು. ನಮ್ಮಲ್ಲಿಗೆ ಬಂದಿದ್ದ ಊರವರಿಗೂ ಹೀಗೆ ಮನೆಗಳು ಸಿಕ್ಕವು. ಆಗಲೂ ಎತ್ತರದ ಜಮೀನು ಇದ್ದ ನಮ್ಮವರು ಕೆಲವರು, ಜೋಳಕ್ಕೂ ಬಾರದ ಗರಸು ಹೊಲಕ್ಕೆ ನೀರಾವರಿ ಹೊಲದ ಧಾರಣಿ ಕೇಳಿ ಕೆಲಸ ತಡೆದರು. ಅಷ್ಟು ದಿನ ಆ ಮಂದಿ ತಗಡಿನ ಶೆಡ್ಡಿನಲ್ಲಿ ಬೇಸಗೆ ಕಳೆದರು.

2019: ಪಂಚಮಿಯ ವಾರ

ಹತ್ತು ವರ್ಷ ಕಳೆಯಿತು. 2019ರ ಆಗಸ್ಟ್ 5ಕ್ಕೆ ನಾಗರ ಪಂಚಮಿ. ಉಂಡಿ ಇನ್ನೂ ಡಬ್ಬಿಯಲ್ಲೇ ಇದ್ದವು. ಮೇಲೆ ಘಟ್ಟದಲ್ಲಿ ವಿಪರೀತ ಮಳೆ. ನವಿಲುತೀರ್ಥ ಡ್ಯಾಮು ತುಂಬಿ ನೀರು ಬಿಟ್ಟರು. ಪಟ್ಟದಕಲ್ಲಿನ ಗುಡಿಗಳ ಸುತ್ತ ನೀರು ನಿಂತ ಚಿತ್ರವನ್ನು ಎಲ್ಲರೂ ಪತ್ರಿಕೆಯಲ್ಲಿ ನೋಡಿದ್ದೀರಿ. ರಾಜ್ಯದ 22 ಜಿಲ್ಲೆಗಳಲ್ಲಿ ಆ ವರ್ಷ ಪ್ರವಾಹ. ಮಲಪ್ರಭೆಯ ಪಾತ್ರ ಹೂಳು ತುಂಬಿ, ಒತ್ತುವರಿಯಾಗಿ ಸಣ್ಣದಾಗಿತ್ತು. ಒತ್ತಿದವರು ನಾವೇ ರೈತರು. ಹೊಳೆ ತನ್ನ ಜಾಗ ಕೇಳಿತು. 2009ರಲ್ಲಿ ಅಗಸಿಗೆ ನಿಂತ ನೀರು ಈ ಸಲ ಕೆಳಗಿನ ಓಣಿಯೊಳಗೆ ಹೊಕ್ಕಿತು. ಆ ಓಣಿಯಲ್ಲಿ ನಮ್ಮ ಮನೆಯೂ ಇತ್ತು.

ನಮ್ಮ ಟ್ರ್ಯಾಕ್ಟರ್ ಮೊದಲ ರಾತ್ರಿಯೇ ನೀರಿನಲ್ಲಿ ನಿಂತು ಹೋಯಿತು. ಕಾಳಿನ ಚೀಲ, ಹಾಸಿಗೆ, ಮುಪ್ಪಿನ ತಾಯಿ, ದನಕರು ಇಟ್ಟುಕೊಂಡು ನಾವು ದಾರಿಯ ಮೇಲೆ ನಿಂತೆವು. ಆಗ ಹೊಸ ಊರಿನ, ಅಂದರೆ ಆಸರೆ ಮನೆಗಳ, ಒಬ್ಬ ರೈತ ತನ್ನ ಟ್ರ್ಯಾಕ್ಟರ್ ತಂದು ನಿಲ್ಲಿಸಿದ. ಖೇಪಿಗೆ ಎಷ್ಟು ಎಂದು ಕೇಳಿದೆವು. ಆತ ನಮ್ಮ ಮುಖ ನೋಡಿ, "ಅವತ್ತು ನೀವು ನಮ್ಮ ಕಡಿಂದ ತೊಗೊಂಡಷ್ಟ ಕೊಡ್ರಿ. ಹೆಚ್ಚಿಗಿ ಬ್ಯಾಡ" ಎಂದ.

ನಾವು 1,500 ಎಣಿಸಿ ಕೊಟ್ಟೆವು. ಆತ ಎಣಿಸಿಕೊಂಡು ಕಿಸೆಗೆ ಹಾಕಿದ. ಎರಡು ಖೇಪು ಹೊಡೆದ. ಆ ಮೇಲೆ ತನ್ನ ಆಸರೆ ಮನೆಯ ಮುಂದಿನ ಕೋಣೆ ಬಿಟ್ಟು ಕೊಟ್ಟ. ಹನ್ನೊಂದು ದಿನ ಅಲ್ಲಿ ಇದ್ದೆವು. ಹೊರಡುವಾಗ ಬಾಡಿಗೆ ಎಷ್ಟೆಂದು ಕೇಳಿದರೆ, "ಟ್ರ್ಯಾಕ್ಟರ್ ಲೆಕ್ಕ ಮುಗೀತು. ಮನಿಗೆ ಲೆಕ್ಕ ಇಲ್ಲ" ಎಂದು ಒಳಗೆ ಹೋದ. ಆತ ಐದು ಪಟ್ಟು ಕೇಳಿ ಬೈದಿದ್ದರೂ ನಮಗೆ ಅಷ್ಟು ನೋವಾಗುತ್ತಿರಲಿಲ್ಲ.

ಆ ವರ್ಷ ಇನ್ನೊಂದು ಪಾಠ ಕಲಿತೆವು. ಸರಕಾರ ತುರ್ತು ಪರಿಹಾರವೆಂದು ಕುಟುಂಬಕ್ಕೆ 10,000 ರೂಪಾಯಿ ಕೊಟ್ಟಿತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ಎಂದು ಘೋಷಣೆಯಾಯಿತು. ಹಣ ಬರುತ್ತದೆ ಎಂಬ ಸುದ್ದಿಯ ಹಿಂದೆಯೇ ಉಸುಕು, ಇಟ್ಟಂಗಿ, ಗೌಂಡಿಯ ಪಗಾರ, ಬಾಡಿಗೆ ಎಲ್ಲ ಏರಿದವು. ಸರಕಾರ ಬಲಗೈಗೆ ಕೊಟ್ಟದ್ದನ್ನು ಪೇಟೆ ಎಡಗೈಯಿಂದ ಕಸಿಯಿತು. ಧಾರಣಿ ಹಿಡಿಯದೆ ಪರಿಹಾರ ಕೊಟ್ಟರೆ ಅದು ತೂತಿನ ಕೊಡಕ್ಕೆ ನೀರು ತುಂಬಿದ ಹಾಗೆ.

ಹಳ್ಳಿಯವರೇ ಕೆಟ್ಟವರು ಎಂದು ಯಾರೂ ತಿಳಿಯಬಾರದು. 2015ರ ಡಿಸೆಂಬರದಲ್ಲಿ ಚೆನ್ನೈ ನಗರ ಮುಳುಗಿದಾಗ ಹಾಲಿನ ಪಾಕೀಟಿಗೆ 100 ರೂಪಾಯಿ ಕೊಟ್ಟವರಿದ್ದಾರೆ. 2022ರ ಸೆಪ್ಟೆಂಬರದಲ್ಲಿ ಬೆಂಗಳೂರಿನ ಸಿರಿವಂತರ ಬಂಗಲೆಗಳಿಗೆ ನೀರು ಹೊಕ್ಕಾಗ ಹೋಟೆಲುಗಳ ಬಾಡಿಗೆ ರಾತ್ರಿಯೊಂದಕ್ಕೆ ಹತ್ತಾರು ಸಾವಿರಕ್ಕೆ ಏರಿತ್ತು. ಹೊಳೆಗೆ ಬಡವ ಬಲ್ಲಿದ ಎಂಬುದಿಲ್ಲ, ಲಾಭಕ್ಕೂ ಇಲ್ಲ.

ಕಾಯ್ದೆ ಏನು ಹೇಳುತ್ತದೆ

ಕಾಯ್ದೆ ಇಲ್ಲವೇ ಎಂದು ಕೇಳಬಹುದು. ಇದೆ. 1955ರ ಅವಶ್ಯಕ ವಸ್ತುಗಳ ಕಾಯ್ದೆ ಇದೆ. ಪಾಕೀಟಿನ ಮೇಲೆ ಅಚ್ಚಾದ ಗರಿಷ್ಠ ಬೆಲೆಗಿಂತ ಹೆಚ್ಚು ತೆಗೆದುಕೊಂಡರೆ ಅಪರಾಧ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 65ನೆಯ ಕಲಮಿನ ಪ್ರಕಾರ ಆಪತ್ತಿನಲ್ಲಿ ಅಧಿಕಾರಿಗಳು ವಾಹನ, ಜಾಗ, ಕಟ್ಟಡಗಳನ್ನು ವಶಕ್ಕೆ ಪಡೆಯಬಹುದು. 66ನೆಯ ಕಲಮಿನ ಪ್ರಕಾರ ಅದಕ್ಕೆ ತಕ್ಕ ಹಣ ಕೊಡಬೇಕು. ಅಮೇರಿಕದ ಅನೇಕ ರಾಜ್ಯಗಳಲ್ಲಿ ಚಂಡಮಾರುತ, ನೆರೆ ಬಂದಾಗ ಬೆಲೆ ಏರಿಸುವುದನ್ನು ತಡೆಯುವ ಬೇರೆ ಕಾಯ್ದೆಗಳೇ ಇವೆ.

ಆದರೆ ರಾತ್ರಿ ಎರಡು ಗಂಟೆಗೆ ನೀರು ಬಂದಾಗ ನಿಂತ ಟ್ರ್ಯಾಕ್ಟರಿಗೆ, ಕೊಟ್ಟಿಗೆಯ ಬಾಡಿಗೆಗೆ, ಮೇವಿನ ಸೂಡಿಗೆ, ಎಮ್ಮೆಯ ಧಾರಣಿಗೆ ಯಾವ ಪಾಕೀಟಿನ ಮೇಲೆ ಬೆಲೆ ಅಚ್ಚಾಗಿದೆ? ಅಧಿಕಾರಿ ಬರುವ ಹೊತ್ತಿಗೆ ವ್ಯವಹಾರ ಮುಗಿದಿರುತ್ತದೆ. ಅಲ್ಲಿ ಇರುವುದು ಊರು, ಮತ್ತು ಊರಿನ ಸಂಘ.

ಲಿಟ್ಟನ್ ಕಾಲದ ವಾದವನ್ನು ಇಂದಿಗೂ ಕೆಲವರು ಆಡುತ್ತಾರೆ. ಧಾರಣಿ ಏರಿದರೆ ತಾನೇ ಗಾಡಿಯವನು ನೀರಿಗೆ ಇಳಿಯುತ್ತಾನೆ ಎನ್ನುತ್ತಾರೆ. ಇದರಲ್ಲಿ ಸ್ವಲ್ಪ ಹುರುಳಿದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಧಕ್ಕೆಗೆ, ಶ್ರಮಕ್ಕೆ, ಹೆಚ್ಚಿನ ಡೀಸೆಲ್‌ಗೆ ಹೆಚ್ಚು ಕೊಡಬೇಕು. ಪುಕ್ಕಟೆ ಓಡಿಸು ಎಂದರೆ ನಾಳೆ ಯಾರೂ ಬರುವುದಿಲ್ಲ. ಖರ್ಚು ಏರಿದ್ದಕ್ಕೆ ಏರಿದ ಧಾರಣಿ ಬೇರೆ, ಎದುರಿನವನು ಅಸಹಾಯಕನಾದದ್ದಕ್ಕೆ ಏರಿದ ಧಾರಣಿ ಬೇರೆ. ಮೊದಲನೆಯದು ಕೂಲಿ, ಎರಡನೆಯದು ಸುಲಿಗೆ. ನಮ್ಮ ಆ 500 ಕೂಲಿ, ಮೇಲಿನ ಸಾವಿರ ಸುಲಿಗೆ.

ನಮ್ಮ ಠರಾವು, ನಮ್ಮ ತಾಡಪತ್ರಿ

2019ರ ಸೆಪ್ಟೆಂಬರದ ವಾರ್ಷಿಕ ಮಹಾಸಭೆಯಲ್ಲಿ ಈ ವಿಷಯ ಎತ್ತಿದೆವು. ಗದ್ದಲವಾಯಿತು. "ನಮ್ಮ ಗಾಡಿ, ನಮ್ಮ ಧಾರಣಿ, ಸಂಘದವರು ಯಾರು ಕೇಳಾಕ?" ಎಂದವರೂ ಇದ್ದರು. ಆಗ ನಾವು ನಮ್ಮ 22 ಖೇಪಿನ ಲೆಕ್ಕವನ್ನು ಸಭೆಯಲ್ಲಿ ಎದ್ದು ನಿಂತು ಹೇಳಿದೆವು. ಸಭೆ ಸುಮ್ಮನಾಯಿತು. ಮೂರು ಠರಾವು ಪಾಸಾದವು. ಒಂದು, ಆಪತ್ತಿನಲ್ಲಿ ಸದಸ್ಯರ ಟ್ರ್ಯಾಕ್ಟರಿನ ಖೇಪಿನ ದರವನ್ನು ಸಂಘ ನಿಗದಿ ಮಾಡಿ ಬೋರ್ಡಿನ ಮೇಲೆ ಬರೆಯುವುದು. ಎರಡು, ಗೋದಾಮಿನಲ್ಲಿ 40 ತಾಡಪತ್ರಿ, 10 ಕ್ವಿಂಟಲ್ ಜೋಳ ಯಾವಾಗಲೂ ಕಾಯ್ದಿಡುವುದು. ಮೂರು, ಊರು ಬಿಟ್ಟು ಬಂದವರ ದನವನ್ನು ಒಂದು ತಿಂಗಳವರೆಗೆ ಸದಸ್ಯರು ಕೊಳ್ಳದಿರುವುದು, ಬದಲಿಗೆ ಮೇವು ಉದ್ರಿ ಕೊಡುವುದು.

ಇಷ್ಟು ಹೇಳಿ ನಿಲ್ಲಿಸಿದರೆ ರಜತ ಮಹೋತ್ಸವಕ್ಕೆ ಚೆಂದ ಕಾಣುತ್ತದೆ. ಆದರೆ ಇತಿಹಾಸ ಎಂದ ಮೇಲೆ ಇದ್ದದ್ದನ್ನು ಬರೆಯಬೇಕು. ಕಳೆದ ತಿಂಗಳು ಗೋದಾಮಿಗೆ ಹೋಗಿ ಎಣಿಸಿದೆವು. 40 ತಾಡಪತ್ರಿಯಲ್ಲಿ ಬಳಸಲು ಬರುವಂಥವು ಏಳು. ಉಳಿದವು ಸದಸ್ಯರ ಗೊಂಜಾಳ ಒಣಗಿಸಲಿಕ್ಕೆ, ಮದುವೆ ಹಂದರಕ್ಕೆ ಹೋಗಿ ಹರಿದು ಬಂದಿವೆ. ಕೆಲವು ಬಂದೇ ಇಲ್ಲ. ಜೋಳ ಎರಡು ವರ್ಷ ಇತ್ತು, ನುಸಿ ಹತ್ತಿತೆಂದು ಮಾರಿದೆವು, ಮತ್ತೆ ತುಂಬಲಿಲ್ಲ. ಬೋರ್ಡಿನ ಅಕ್ಷರ ಅಳಿಸಿವೆ. ಈ ಐದಾರು ವರ್ಷ ಹೊಳೆ ನಮ್ಮ ಓಣಿಗೆ ಬರಲಿಲ್ಲ. ಅದಕ್ಕೇ ನಾವು ಮರೆತೆವು. ನಿರ್ದೇಶಕರಾಗಿ ಇದರ ಹೊಣೆ ನಮ್ಮ ಮೇಲೆ ಮೊದಲು.

ರಜತ ಮಹೋತ್ಸವದ ಕಾಣಿಕೆಯಾಗಿ ಪ್ರತಿ ಸದಸ್ಯರಿಗೆ ಒಂದು ಸ್ಟೀಲ್ ಡಬ್ಬಿ ಕೊಡಬೇಕೆಂದು ಆಡಳಿತ ಮಂಡಳಿಯ ಮುಂದೆ ವಿಚಾರ ಇದೆ. ನಮ್ಮ ವಿನಂತಿ ಇಷ್ಟೆ. ಆ ಡಬ್ಬಿಯ ರೊಕ್ಕದಾಗ ತಾಡಪತ್ರಿ ಮತ್ತು ಜೋಳ ತಂದು ಗೋದಾಮಿಗೆ ಹಾಕೋಣ. ಕೀಲಿಯನ್ನು ಇಬ್ಬರ ಕೈಯಲ್ಲಿ ಇಡೋಣ. ಜೋಳವನ್ನು ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಬದಲಿಸೋಣ. ಬೋರ್ಡು ಹೊಸದಾಗಿ ಬರೆಸೋಣ. ಅದರ ಮೇಲಿನ ಖೇಪಿನ ದರವನ್ನು ಪ್ರತಿ ಮೃಗಶಿರಾ ಮಳೆಗೆ ಮೊದಲು ಡೀಸೆಲ್ ಲೆಕ್ಕ ಹಾಕಿ ತಿದ್ದೋಣ. ಡಬ್ಬಿ ಬೇಕು ಎನ್ನುವವರು ಮುಂಬರುವ ಸಭೆಯಲ್ಲಿ ಎದ್ದು ಹೇಳಬಹುದು, ಅದು ಅವರ ಹಕ್ಕು. ನಾವು ಮಾತ್ರ ನಮ್ಮ ಪಾಲಿನ ಡಬ್ಬಿ ಬೇಡವೆಂದು ಈಗಲೇ ಬರೆದು ಕೊಟ್ಟಿದ್ದೇವೆ.

ಆ ಎಮ್ಮೆ ಮಾರಿದ ಮುದುಕಿ ಈಗ ಇಲ್ಲ. ಆಕೆಯ ಮೊಮ್ಮಗ ನಮ್ಮ ಸಂಘದ ಸದಸ್ಯನಾಗಿದ್ದಾನೆ, ಈ ಸಂಚಿಕೆ ಅವನ ಕೈಗೂ ಹೋಗುತ್ತದೆ. ಆತ ಇದನ್ನು ಓದಿ, ಸಂಘಕ್ಕೆ ಬುದ್ಧಿ ಬಂತು ಎಂದರೆ ಸಾಕು. ತಪ್ಪು ಒಪ್ಪು ಏನಾದರೂ ಇದ್ದರೆ ಹಿರಿಯರು ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕೆಂದು ಬೇಡಿ ಮುಗಿಸುತ್ತೇವೆ.

ಜೈ ಸಹಕಾರ.